‘ಎಂಜಿನ್ ನೋಡಿಕೊಳ್ಳುತ್ತೆ’ ಎನ್ನುವವರಿಗೆ ಸೂಳಗಿರಿಯ ತಕರಾರು

ವೆಬ್ ಪುಟ ಭಾರವಾಯಿತು, ಫೋನಿನಲ್ಲಿ ತೆರೆಯುತ್ತಿಲ್ಲ ಎಂದು ಆಕ್ಷೇಪ ತೆಗೆದರೆ ಸಾಫ್ಟ್‌ವೇರ್ ವಲಯದಲ್ಲಿ ಸಿದ್ಧವಾಗಿರುವ ಉತ್ತರ ಒಂದಿದೆ: ‘ಅದನ್ನೆಲ್ಲ ಎಂಜಿನ್ ನೋಡಿಕೊಳ್ಳುತ್ತೆ.’ ಎಂಜಿನ್ ಎಂದರೆ ಬ್ರೌಸರ್‌ನೊಳಗೆ ಕೂತು ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ. ಕ್ರೋಮ್‌ನಲ್ಲಿ ಅದರ ಹೆಸರು ವಿ8, ಫೈರ್‌ಫಾಕ್ಸ್‌ನಲ್ಲಿ ಸ್ಪೈಡರ್‌ಮಂಕಿ. ಎಲೆಕ್ಟ್ರಾನಿಕ್ ಸಿಟಿಯ ಲ್ಯಾಪ್‌ಟಾಪಿನ ಮುಂದೆ ಕೂತವರಿಗೆ ಈ ಉತ್ತರ ನಿಜವೆನಿಸಬಹುದು. ಅದೇ ಹೆದ್ದಾರಿಯಲ್ಲಿ ಹೊಸೂರು ದಾಟಿ ಕೃಷ್ಣಗಿರಿ ಕಡೆಗೆ ಬಂದರೆ ಸಿಗುವ ಸೂಳಗಿರಿಯಲ್ಲಿ, ಕೊತ್ತಂಬರಿ, ಟೊಮೆಟೊ ಬೆಳೆದು ರಾಯಕೋಟೆ ಮಂಡಿಯ ದರ ನೋಡಲು 2–3 ಜಿಬಿ ರ‍್ಯಾಮ್‌ನ ಫೋನ್ ತೆರೆಯುವವರ ಮುಂದೆ ಆ ಮಾತು ನಿಲ್ಲುವುದಿಲ್ಲ.

ಎಂಜಿನ್ ಮಾಡುವ ಕೆಲಸವನ್ನು ನಾನು ಕೀಳಾಗಿ ನೋಡುತ್ತಿಲ್ಲ. ಅದು ನಿಜಕ್ಕೂ ದೊಡ್ಡ ವಿದ್ಯೆ. ಜಾವಾಸ್ಕ್ರಿಪ್ಟ್‌ನ ಅರೇಯಲ್ಲಿ, ಅಂದರೆ ಮೌಲ್ಯಗಳ ಸಾಲುಪಟ್ಟಿಯಲ್ಲಿ, ಯಾರು ಏನು ಬೇಕಾದರೂ ತುಂಬಬಹುದು, ಆದರೆ ವಿ8 ಒಳಗೊಳಗೇ ಅದರ ಬಗೆ ಗುರುತಿಸುತ್ತದೆ. 2017ರಲ್ಲಿ ವಿ8 ತಂಡವೇ ಹೇಳಿದಂತೆ ಇಂಥ 21 ಬಗೆಗಳಿದ್ದವು. ಟೊಮೆಟೊ ದರಗಳ ಅರೇ ಎಂದುಕೊಳ್ಳಿ: 18, 20, 22. ಎಲ್ಲವೂ ಸಣ್ಣ ಪೂರ್ಣಾಂಕ, ಒಂದೇ ಅಳತೆಯ ಕ್ರೇಟ್‌ಗಳನ್ನು ಸಾಲಾಗಿ ಜೋಡಿಸಿಟ್ಟ ಹಾಗೆ. ಎಷ್ಟನೆಯದು ಬೇಕೋ ನೇರ ಹೋಗಿ ಎತ್ತಿಕೊಳ್ಳಬಹುದು. ಅದಕ್ಕೆ 22.50 ಸೇರಿತೋ, ಇಡೀ ಅರೇ ದಶಮಾಂಶದ ಬಗೆಗೆ ಇಳಿಯುತ್ತದೆ. ದರ ಬಾರದ ದಿನಕ್ಕೆ ಒಂದು ಅಡ್ಡಗೆರೆ ಹಾಕಿದರೋ, ಏನು ಬೇಕಾದರೂ ಇರಬಹುದಾದ ಸಾಮಾನ್ಯ ಬಗೆಗೆ ಇಳಿಯುತ್ತದೆ. ಮತ್ತೆ ಮೇಲೇರುವ ದಾರಿಯಿಲ್ಲ. ಅಡ್ಡಗೆರೆಯನ್ನು ತೆಗೆದು 22 ಎಂದು ತಿದ್ದಿದರೂ ಆ ಅರೇ ಮೊದಲಿನ ಬಗೆಗೆ ಮರಳುವುದಿಲ್ಲ. ನಡುವೆ ಒಂದು ಜಾಗ ಖಾಲಿ ಬಿಟ್ಟರೆ ಅದು ರಂಧ್ರವಿರುವ ಅರೇ. ಆಮೇಲೆ ತುಂಬಿಸಿದರೂ ರಂಧ್ರದ ಹಣೆಪಟ್ಟಿ ಹೋಗುವುದಿಲ್ಲ. ಹತ್ತು ಅಂಶಗಳಿರುವಲ್ಲಿ ಒಮ್ಮೆಗೇ 10,000ನೇ ಜಾಗಕ್ಕೆ ಬರೆದರೆ ಎಂಜಿನ್ ಸಾಲನ್ನೇ ಕೈಬಿಟ್ಟು ನಿಘಂಟಿನ ಮಾದರಿಯ ನಿಧಾನ ವ್ಯವಸ್ಥೆಗೆ ಹೋಗುತ್ತದೆ. ಹೀಗಿರುವಾಗ ಎಂಜಿನ್ ನೋಡಿಕೊಳ್ಳುವುದು ಬರೆದವರು ಎಚ್ಚರ ತಪ್ಪದಿದ್ದರೆ ಮಾತ್ರ.

ಭಾಷೆಯ ಲೆಕ್ಕವೂ ಉಂಟು. ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಪಠ್ಯವನ್ನು ವಿ8 ಅಕ್ಷರಕ್ಕೆ 1 ಬೈಟ್‌ನಂತೆ ಇಡುತ್ತದೆ. ಕನ್ನಡದ್ದೋ ತಮಿಳಿನದೋ ತೆಲುಗಿನದೋ ಒಂದಕ್ಷರ ಬೆರೆತರೂ ಆ ಇಡೀ ಪಠ್ಯ 2 ಬೈಟ್‌ನ ಲೆಕ್ಕಕ್ಕೆ ಹೋಗುತ್ತದೆ. ಈ ಮೂರೂ ಭಾಷೆ ಆಡುವ ಊರು ನಮ್ಮದು.

ಆದರೆ ನನ್ನ ಮುಖ್ಯ ತಕರಾರು ಬೇರೆ. ಈ ಜಾಣತನದ ಪೂರ್ತಿ ಫಲ ಪುಟ ತೆರೆದ ತಕ್ಷಣ ಸಿಗುವುದಿಲ್ಲ. ಕೋಡ್ ಮೊದಲು ಇಳಿಯಬೇಕು, ಎಂಜಿನ್ ಅದನ್ನು ಓದಿ ಅರ್ಥಮಾಡಿಕೊಳ್ಳಬೇಕು, ಇಗ್ನಿಷನ್ ಎಂಬ ಇಂಟರ್‌ಪ್ರಿಟರ್ ಅದನ್ನು ನಿಧಾನವಾಗಿ ಓಡಿಸಬೇಕು. ಓಡಿಸುತ್ತಲೇ, ಕೋಡ್‌ನ ಯಾವ ಸಾಲಿಗೆ ಯಾವ ಬಗೆಯ ಅರೇ ಬಂತೆಂದು ಅದು ಗುರುತು ಹಾಕಿಕೊಳ್ಳುತ್ತದೆ. ಒಂದೇ ಕೆಲಸ ಮತ್ತೆ ಮತ್ತೆ ನಡೆದು ‘ಬಿಸಿ’ಯಾದಾಗಷ್ಟೇ ಟರ್ಬೋಫ್ಯಾನ್ ಎಂಬ ಕಂಪೈಲರ್ ಬಂದು, ಆ ಗುರುತುಗಳನ್ನು ನಂಬಿ ವೇಗದ ಯಂತ್ರಭಾಷೆ ತಯಾರಿಸುತ್ತದೆ. ನಂಬಿಕೆ ಸುಳ್ಳಾದರೆ ಅದನ್ನು ಎಸೆದು ಹಿಂದಕ್ಕೆ ಬರುತ್ತದೆ. ದಿನವಿಡೀ ತೆರೆದಿಡುವ ನಕ್ಷೆ, ಆಟ, ವಿನ್ಯಾಸದ ತಂತ್ರಾಂಶ, ಸರ್ವರ್‌ಗಳಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ — ಇವಕ್ಕೆಲ್ಲ ಇದರಿಂದ ಭಾರೀ ಲಾಭ. ಬೆಳಗಿನ ಜಾವ ಲೋಡ್ ಕಳಿಸುವ ಮೊದಲು ಒಂದು ನಿಮಿಷ ದರ ನೋಡಿ ಮುಚ್ಚುವ ರೈತನ ಪಾಲಿಗೆ ಪುಟ ಬಿಸಿಯಾಗುವುದೇ ಇಲ್ಲ. ಇಳಿಸುವ, ಓದುವ ಖರ್ಚು ಪೂರ್ತಿ ಅವನದು, ವೇಗ ಮಾತ್ರ ಅವನಿಗಿಲ್ಲ.

ಇದನ್ನು ಎಂಜಿನ್ ಕಟ್ಟಿದವರೇ ಒಪ್ಪಿದ್ದಾರೆ. 2012ರಲ್ಲಿ ಗೂಗಲ್ ಹೊರತಂದ ಆಕ್ಟೇನ್ ಎಂಬ ವೇಗಪರೀಕ್ಷೆಯಲ್ಲಿ ಅಂಕ ಗಳಿಸಲು ಎಲ್ಲ ಎಂಜಿನ್‌ಗಳೂ ಪೈಪೋಟಿಗೆ ಬಿದ್ದಿದ್ದವು. 2017ರ ಏಪ್ರಿಲ್‌ನಲ್ಲಿ ವಿ8 ತಂಡ ತಾನೇ ಅದನ್ನು ನಿವೃತ್ತಿಗೊಳಿಸಿತು. ನಿಜವಾದ ಪುಟಗಳನ್ನು ಅಳೆದಾಗ ಸಮಯದ ಗಣನೀಯ ಪಾಲು ಹೋಗುತ್ತಿದ್ದದ್ದು ಕೋಡ್ ಓದುವುದರಲ್ಲಿ, ಕಂಪೈಲ್ ಮಾಡುವುದರಲ್ಲಿ. 2021ರಲ್ಲಿ ಮೈಕ್ರೋಸಾಫ್ಟ್ ತನ್ನ ಎಡ್ಜ್ ಬ್ರೌಸರ್‌ನಲ್ಲಿ ಇಂಥ ವೇಗದ ಕಂಪೈಲರ್‌ಗಳನ್ನು ಆಫ್ ಮಾಡಿ ನೋಡಿತು. ದಿನನಿತ್ಯದ ಓಡಾಟದಲ್ಲಿ ಬಳಕೆದಾರರಿಗೆ ವ್ಯತ್ಯಾಸ ಗೊತ್ತಾದದ್ದು ಅಪರೂಪ. ಆಫ್ ಮಾಡಿದ್ದು ಭದ್ರತೆಗಾಗಿ: 2019ರ ನಂತರ ವಿ8ನಲ್ಲಿ ದಾಖಲಾದ ಭದ್ರತಾ ದೋಷಗಳಲ್ಲಿ ಸುಮಾರು 45% ಈ ವೇಗದ ಕಂಪೈಲರ್‌ಗಳಿಗೇ ಸಂಬಂಧಿಸಿದ್ದವು. ಸಾಮಾನ್ಯ ಪುಟಕ್ಕೆ ಹೆಚ್ಚೇನೂ ಕೊಡದ ವೇಗಕ್ಕೆ ಅಪಾಯದ ಬಾಗಿಲೂ ತೆರೆದಿದ್ದರೆ, ಅದನ್ನೇ ನೆಚ್ಚಿ ಪುಟ ಕಟ್ಟುವುದು ಯಾವ ಎಂಜಿನಿಯರಿಂಗ್?

ಡೆವಲಪರ್‌ನ ಸಮಯ ದುಬಾರಿ, ಯಂತ್ರದ ಸಮಯ ಅಗ್ಗ ಎಂಬ ವಾದ ನನಗೆ ಗೊತ್ತು. ಯಂತ್ರ ಕಂಪನಿಯದ್ದಾಗಿದ್ದರೆ ಒಪ್ಪೋಣ. ಇಲ್ಲಿ ಯಂತ್ರ ರೈತನದು, ಡೇಟಾ ಪ್ಯಾಕ್ ರೈತನದು, ಕಾಯುವವನೂ ರೈತನೇ. ಬೇರೆಯವರ ಜೇಬಿನಿಂದ ಉಳಿತಾಯ ಮಾಡಿ ಅದಕ್ಕೆ ದಕ್ಷತೆ ಎಂದು ಹೆಸರಿಡುವುದು ಅನ್ಯಾಯ. ಅರೇಯಲ್ಲಿ ರಂಧ್ರ ಬಿಡಬೇಡಿ, ಬಗೆ ಬೆರೆಸಬೇಡಿ ಎಂದು ಸಂದರ್ಶನದಲ್ಲಿ ಪಾಠ ಒಪ್ಪಿಸುವ ಹುಡುಗರು, ಕೆಲಸಕ್ಕೆ ಸೇರಿದ ಮೇಲೆ ಹತ್ತು ಸಾಲಿನ ಕೋಷ್ಟಕ ತೋರಿಸಲು ಸಿದ್ಧ ಕೋಡ್‌ನ ಇಡೀ ಫ್ರೇಮ್‌ವರ್ಕ್ ಹೊರಿಸಿ ಕಳಿಸುತ್ತಾರೆ. ಹುಡುಗರನ್ನು ದೂರಿ ಫಲವಿಲ್ಲ, ಹಾಗೆ ಕಟ್ಟಲು ಹೇಳುವವರು ಮೇಲಿದ್ದಾರೆ. ಹೊಸೂರಿನಿಂದ ದಿನಾ ಬೆಂಗಳೂರಿಗೆ ಬಸ್ ಹಿಡಿಯುವ ಎಷ್ಟೋ ಎಂಜಿನಿಯರ್‌ಗಳ ಮನೆಯಲ್ಲೇ ಅಗ್ಗದ ಫೋನ್ ಇರುತ್ತದೆ. ಆ ಫೋನ್ ಪರೀಕ್ಷೆಯ ಮೇಜಿಗೆ ಬರುವುದಿಲ್ಲ.

ಹಾಗಾಗಿ ಮಂಡಿ ದರ, ಪಟ್ಟಾ–ಚಿಟ್ಟಾ ಎಂಬ ಭೂದಾಖಲೆ, ಪರೀಕ್ಷಾ ಫಲಿತಾಂಶದಂಥ ಸಾರ್ವಜನಿಕ ಪುಟಗಳ ಟೆಂಡರ್‌ನಲ್ಲಿ ಸರ್ಕಾರ ಎರಡು ಷರತ್ತು ಬರೆಯಲಿ. ಒಂದು, ಮಾಹಿತಿ ಸರ್ವರ್‌ನಲ್ಲೇ ಕೋಷ್ಟಕವಾಗಿ ಸಿದ್ಧವಾಗಿ ಬರಬೇಕು, ಜಾವಾಸ್ಕ್ರಿಪ್ಟ್ ಆಫ್ ಮಾಡಿದ್ದರೂ ಓದಲು ಸಿಗಬೇಕು. ಗ್ರಾಫ್ ಬೇಕಾದವರು ಒತ್ತಿದಾಗಷ್ಟೇ ಅದರ ಕೋಡ್ ಇಳಿಯಲಿ. ಎರಡು, ಬಿಲ್ ಪಾಸಾಗುವ ಮೊದಲು ಪುಟವನ್ನು ಮಾರುಕಟ್ಟೆಯ ಅತಿ ಅಗ್ಗದ ಹೊಸ ಫೋನಿನಲ್ಲಿ, ಸಿಗ್ನಲ್ ಕಡಿಮೆಯಿರುವ ಹಳ್ಳಿಯಲ್ಲಿ ನಿಂತು ಅಧಿಕಾರಿಯ ಎದುರೇ ತೆರೆದು ತೋರಿಸಬೇಕು. ಸೂಳಗಿರಿ ಸುತ್ತ ಅಂಥ ಹಳ್ಳಿಗಳಿಗೆ ಬರವಿಲ್ಲ.