ಮೂಲ ಕೇಳುವುದು ಯಾರನ್ನು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ‘ನಿಮ್ಮ ಮೂಲ ಎಲ್ಲಿ’ ಎಂದು ಕೇಳಿದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ಘಟ್ಟದ ಕೆಳಗಿನಿಂದ ಬಂದವರಿದ್ದಾರೆ, ಎನ್.ಆರ್. ಪುರದ ಸುತ್ತ ರಬ್ಬರು, ಶುಂಠಿ ಹಾಕಿದ ಕೇರಳದ ಕುಟುಂಬಗಳಿವೆ, ಈಚೆಗೆ ತೋಟದ ಕೆಲಸಕ್ಕೆ ಅಸ್ಸಾಮಿನವರೂ ಬಂದಿದ್ದಾರೆ. ಶೃಂಗೇರಿ ಪೀಠ ಸ್ಥಾಪಿಸಿದ ಆದಿ ಶಂಕರಾಚಾರ್ಯರೇ ಕಾಲಡಿಯವರು. ಕೇಳಿ, ಉತ್ತರ ಪಡೆದು, ಎಲೆ-ಅಡಿಕೆ ಕೊಟ್ಟು ಮಾತು ಮುಂದುವರಿಸುತ್ತೇವೆ. ಆದರೆ ಯಲ್ಲಾಪುರದಿಂದ ಬಂದ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗನೊಬ್ಬ ಬಸ್ ಹತ್ತಿದರೆ ಪ್ರಶ್ನೆ ಬದಲಾಗುತ್ತದೆ: ‘ಯಾವ ದೇಶ?’ ಅವನು ಅಚ್ಚ ಕನ್ನಡದಲ್ಲಿ ಉತ್ತರ ಕೊಟ್ಟ ಮೇಲೂ ಕೇಳಿದವರ ಕಣ್ಣಿನ ಅನುಮಾನ ಹೋಗುವುದಿಲ್ಲ.

ಆಫ್ರಿಕಾ ಮತ್ತು ನಮ್ಮ ಮಲೆನಾಡಿನ ನಂಟು ನಾವು ಅಂದುಕೊಂಡಷ್ಟು ದೂರದ್ದಲ್ಲ. ಕಾಫಿ ಗಿಡ ಇಥಿಯೋಪಿಯಾದ್ದು. ಯೆಮನ್ನಿನಿಂದ ಅದರ ಬೀಜವನ್ನು ಚಂದ್ರದ್ರೋಣ ಪರ್ವತಕ್ಕೆ ತಂದವರು ಬಾಬಾಬುಡನ್ ಎಂಬ ಐತಿಹ್ಯ ನಮಗೆಲ್ಲ ಗೊತ್ತು. ಅದರ ಮುಂದಿನ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. 1690ರ ದಶಕದಲ್ಲಿ ಡಚ್ಚರು ಮಲಬಾರಿನಿಂದ ಕಾಫಿ ಸಸಿಗಳನ್ನು ಜಾವಾಕ್ಕೆ ಒಯ್ದರು. ಜಾವಾದ ಗಿಡ ಆಮ್‌ಸ್ಟರ್‌ಡಾಮಿನ ಸಸ್ಯೋದ್ಯಾನ ಸೇರಿತು. 18ನೇ ಶತಮಾನದ ಆರಂಭದಲ್ಲಿ ದಕ್ಷಿಣ ಅಮೆರಿಕದ ಸುರಿನಾಮ್‌ನಲ್ಲಿ ಡಚ್ಚರ ಕಾಫಿ ತೋಟಗಳು ಎದ್ದವು. ಅಲ್ಲಿ ಗಿಡ ನೆಟ್ಟು, ಕಳೆ ತೆಗೆದು, ಹಣ್ಣು ಕೊಯ್ದವರು ಪಶ್ಚಿಮ ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಗುಲಾಮರು.

1863ರ ಜುಲೈ 1ರಂದು ಸುರಿನಾಮ್‌ನಲ್ಲಿ ಗುಲಾಮಗಿರಿ ರದ್ದಾಯಿತು. ಸರ್ಕಾರ ಪರಿಹಾರ ಕೊಟ್ಟದ್ದು ಮಾಲೀಕರಿಗೆ, ತಲೆಗೆ 300 ಗಿಲ್ಡರ್‌ನಂತೆ. ಬಿಡುಗಡೆಯಾದವರು ಇನ್ನೂ ಹತ್ತು ವರ್ಷ ಸರ್ಕಾರದ ಕಣ್ಗಾವಲಿನಲ್ಲಿ ಕರಾರಿನ ಕೂಲಿ ಮಾಡಬೇಕಾಯಿತು. ಆ ಅವಧಿ ಮುಗಿದ 1873ರಲ್ಲೇ ‘ಲಾಲಾ ರೂಖ್’ ಎಂಬ ಹಡಗು ಭಾರತದ ಕರಾರು ಕೂಲಿಗಳನ್ನು ಅಲ್ಲಿಗೆ ಇಳಿಸಿತು. 1916ರವರೆಗೆ ಹೀಗೆ ಹೋದವರು ಸುಮಾರು 34 ಸಾವಿರ. 1975ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಹೊತ್ತಿಗೆ ಎರಡೂ ಕಡೆಯವರ ಮೊಮ್ಮಕ್ಕಳು ಭಾರಿ ಸಂಖ್ಯೆಯಲ್ಲಿ ನೆದರ್ಲೆಂಡ್ಸ್‌ಗೆ ಬಂದರು.

ಹೀಗಾಗಿ ಆಫ್ರಿಕಾ ಮೂಲದ ಡಚ್ಚರು ಎಂದರೆ ಒಂದೇ ಜನ ಅಲ್ಲ. ಸುರಿನಾಮ್, ಕುರಸಾವೊಗಳ ಗುಲಾಮರ ಸಂತತಿಯವರು ಒಂದು ದಾರಿಯವರು. ಕೇಪ್ ವರ್ಡೆಯಿಂದ ರಾಟರ್‌ಡಾಮ್ ಬಂದರಿಗೆ ಬಂದ ನಾವಿಕರು, ದುಡಿಮೆ ಹುಡುಕಿ ಆಮ್‌ಸ್ಟರ್‌ಡಾಮಿಗೆ ಬಂದ ಘಾನಾದವರು, ಯುದ್ಧದಿಂದ ಓಡಿಬಂದ ಸೊಮಾಲಿಗಳು ಬೇರೆ ಬೇರೆ ದಾರಿಯವರು. ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಇನ್ನೊಂದು ಗುಂಪು. 1831ರಿಂದ 1872ರವರೆಗೆ ಡಚ್ಚರು ಈಗಿನ ಘಾನಾದ ಎಲ್ಮಿನಾ ಕೋಟೆಯಿಂದ ಸುಮಾರು ಮೂರು ಸಾವಿರ ಆಫ್ರಿಕನ್ನರನ್ನು ಸೈನಿಕರನ್ನಾಗಿ ಇಂಡೊನೇಷ್ಯಾಕ್ಕೆ ಕಳಿಸಿದರು. ಹಲವರು ಅಲ್ಲೇ ಮದುವೆಯಾಗಿ ನೆಲೆಸಿದರು. ಇಂಡೊನೇಷ್ಯಾ ಸ್ವತಂತ್ರವಾದ ಮೇಲೆ ಅವರ ಸಂತತಿ ನೆದರ್ಲೆಂಡ್ಸ್‌ಗೆ ಹೊರಟಿತು. ಆಫ್ರಿಕಾದಿಂದ ಯುರೋಪಿಗೆ ಏಷ್ಯಾ ಸುತ್ತಿಕೊಂಡು ಹೋದವರು!

ಸಿದ್ದಿಗಳದ್ದೂ ಇಂಥ ಹಲವು ದಾರಿಗಳ ಚರಿತ್ರೆ. ದಖ್ಖನ್ನಿನ ಸುಲ್ತಾನರ ಕಾಲದಲ್ಲಿ ಹಬಶಿಗಳೆಂದು ಕರೆಸಿಕೊಂಡವರು ಸೇನಾನಿಗಳಾದರು, ದಿವಾನರಾದರು. ಅಹಮದ್‌ನಗರದ ಮಲಿಕ್ ಅಂಬರ್ ಗುಲಾಮನಾಗಿ ಮಾರಾಟವಾದವನು. ಕೊನೆಗೆ ಮೊಗಲರನ್ನೇ ತಡೆದು ನಿಲ್ಲಿಸಿದ. ಬಿಜಾಪುರದ ಇಖ್ಲಾಸ್ ಖಾನನೂ ಈ ಸಾಲಿನವನು. ಉತ್ತರ ಕನ್ನಡದ ಕಾಡಿನ ಸಿದ್ದಿಗಳ ಹಿರಿಯರಲ್ಲಿ ಹೆಚ್ಚಿನವರು ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗೋವಾಕ್ಕೆ ತಂದ ಗುಲಾಮರು. ಒಡೆಯರ ಮನೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು, ಬಿಡುಗಡೆಯಾದ ಮೇಲೆ ಬಂದವರು ಎರಡೂ ಬಗೆಯವರು ಇವರಲ್ಲಿದ್ದಾರೆ. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೂ ಅವರ ಮೂಲವನ್ನು ಬಂಟು ಭಾಷಿಕ ಆಫ್ರಿಕನ್ನರಲ್ಲಿ ಗುರುತಿಸಿತು. ಭಾರತೀಯ ಮತ್ತು ಪ್ರಾಯಶಃ ಪೋರ್ಚುಗೀಸ್ ಬೆರಕೆಯನ್ನೂ ಕಂಡಿತು.

ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಡೆಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಗಳಿದ್ದಾರೆ. ಮನೆಯಲ್ಲಿ ಕೊಂಕಣಿಯೋ ಉರ್ದುವೋ, ಹೊರಗೆ ಕನ್ನಡ. ದುಡಿಮೆ ಬಹುಪಾಲು ಅಡಿಕೆ ತೋಟದ ಕೂಲಿ ಮತ್ತು ಕಾಡಿನ ಉತ್ಪನ್ನ. ಹಬ್ಬದಲ್ಲಿ ಡಮಾಮಿ ಬಡಿದು ಕುಣಿಯುತ್ತಾರೆ. ಟೀವಿ ಕ್ಯಾಮೆರಾ ಹುಡುಕಿಕೊಂಡು ಹೋಗುವುದು ಆ ಕುಣಿತವನ್ನಷ್ಟೇ. 1980ರ ದಶಕದಲ್ಲಿ ನೀನಾಸಂ ರಂಗಸಂಸ್ಥೆ ಬೇರೆಯೇ ಕೆಲಸ ಮಾಡಿತು: ಮಂಚೀಕೇರಿಯಲ್ಲಿ ಚಿದಂಬರರಾವ್ ಜಂಬೆಯವರು ನೈಜೀರಿಯಾದ ಚಿನುವ ಅಚಿಬೆಯ ಕಾದಂಬರಿಯನ್ನು ನಾಟಕವಾಗಿಸಿ ಸಿದ್ದಿಗಳಿಂದಲೇ ಕನ್ನಡದಲ್ಲಿ ಆಡಿಸಿದರು. ಆಫ್ರಿಕಾದ ಊರೊಂದು ಬಿಳಿಯರ ಕೈಯಲ್ಲಿ ಒಡೆದುಹೋಗುವ ಕಥೆಯನ್ನು, ಆಫ್ರಿಕಾದ ನೆನಪೇ ಅಳಿಸಿಹೋದ ಜನ ನಮ್ಮ ಭಾಷೆಯಲ್ಲಿ ಹೇಳಿದರು. ಸಿದ್ದಿಗಳ ಬಗ್ಗೆ ಕನ್ನಡಿಗರು ಮಾಡಿದ ಕೆಲಸಗಳಲ್ಲಿ ಇದಕ್ಕೆ ಸಮನಾದದ್ದು ಕಡಿಮೆ.

ಇನ್ನು ಸರ್ಕಾರದ ಲೆಕ್ಕ. ನೆದರ್ಲೆಂಡ್ಸ್‌ನಲ್ಲಿ ಬಣ್ಣ, ಜನಾಂಗ ದಾಖಲಿಸುವುದಿಲ್ಲ. ತಾನು ಮತ್ತು ತಂದೆತಾಯಿ ಹುಟ್ಟಿದ ದೇಶವನ್ನಷ್ಟೇ ಬರೆದುಕೊಳ್ಳುತ್ತಾರೆ. ಮೊಮ್ಮಗನ ಕಾಲಕ್ಕೆ ಮೂಲ ಕಡತದಿಂದ ಮಾಯ, ಬೀದಿಯಲ್ಲಿ ಮಾತ್ರ ಉಳಿದಿರುತ್ತದೆ. ಗುಲಾಮಗಿರಿಗಾಗಿ ಅಲ್ಲಿನ ಪ್ರಧಾನಿ ಕ್ಷಮೆ ಕೇಳಿದ್ದು 2022ರ ಡಿಸೆಂಬರ್‌ನಲ್ಲಿ, ದೊರೆ ಕೇಳಿದ್ದು 2023ರ ಜುಲೈ 1ರಂದು.

ನಮ್ಮಲ್ಲಿ ಮೂಲಕ್ಕೆ ಜಿಲ್ಲೆಯ ಗಡಿ ಹಾಕಿದ್ದೇವೆ. 2003ರಲ್ಲಿ ಸಿದ್ದಿಗಳು ಪರಿಶಿಷ್ಟ ಪಂಗಡವೆನಿಸಿದರು, ಆದರೆ ಉತ್ತರ ಕನ್ನಡದವರು ಮಾತ್ರ. ಪಕ್ಕದ ಕಲಘಟಗಿ, ಖಾನಾಪುರಗಳ ನೆಂಟರು ಹೊರಗುಳಿದರು. ಧಾರವಾಡ, ಬೆಳಗಾವಿ ಜಿಲ್ಲೆಗಳನ್ನು ಸೇರಿಸಲು 2020ರವರೆಗೆ ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಬುಡ್ನಾ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ಶಾಸನಸಭೆಯ ಮೆಟ್ಟಿಲೇರಿದ ಮೊದಲ ಸಿದ್ದಿಯಾದರು.

ಪಟ್ಟಿಯಲ್ಲಿ ಈಗಲೂ ಮೂರೇ ಜಿಲ್ಲೆ, ಚಿಕ್ಕಮಗಳೂರು ಇಲ್ಲ. ಅಡಿಕೆ ಕೆಲಸ ಬಲ್ಲ ಸಿದ್ದಿ ಕುಟುಂಬವೊಂದು ನಾಳೆ ಕೊಪ್ಪದಲ್ಲೋ ಶೃಂಗೇರಿಯಲ್ಲೋ ಕಾಯಂ ನೆಲೆ ನಿಂತರೆ, ಇಲ್ಲೇ ಹುಟ್ಟಿ ಬೆಳೆದ ಮಕ್ಕಳ ಪ್ರಮಾಣಪತ್ರಕ್ಕೆ ತಾಲ್ಲೂಕು ಕಚೇರಿಯಲ್ಲಿ ತೊಡಕು ಶುರುವಾಗುತ್ತದೆ. ಕೆಲಸ ಹುಡುಕಿ ಊರು ಬಿಟ್ಟದ್ದಕ್ಕೆ ಇದು ದಂಡ. ಪರಿಶಿಷ್ಟರ ಪಟ್ಟಿ ತಿದ್ದಿದ 1976ರ ಕಾಯ್ದೆ ರಾಜ್ಯದೊಳಗಿನ ಇಂಥ ಗಡಿಗಳನ್ನು ಬಹುತೇಕ ಪಂಗಡಗಳಿಗೆ ತೆಗೆದುಹಾಕಿತ್ತು. ಅದಾಗಿ ಕಾಲು ಶತಮಾನ ಕಳೆದ ಮೇಲೆ ಸಿದ್ದಿಗಳಿಗೆ ಹೊಸದಾಗಿ ಬೇಲಿ ಹಾಕಿದ್ದಕ್ಕೆ ಒಪ್ಪುವಂಥ ಕಾರಣವಿಲ್ಲ. ಪಟ್ಟಿ ತಿದ್ದುವ ಅಧಿಕಾರ ಸಂಸತ್ತಿನದು, ಶಿಫಾರಸು ಹೋಗಬೇಕಾದದ್ದು ಬೆಂಗಳೂರಿನಿಂದ. ನಾಲ್ಕನೆಯ ಜಿಲ್ಲೆ, ಐದನೆಯ ಜಿಲ್ಲೆ ಎಂದು ಸೇರಿಸುತ್ತ ಕೂರದೆ, ಜಿಲ್ಲೆಗಳ ಹೆಸರನ್ನೇ ತೆಗೆಯುವಂತೆ ರಾಜ್ಯ ಸರ್ಕಾರ ಈಗಲಾದರೂ ಬರೆಯಲಿ.