ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟರೆ

ಕನ್ಸಲ್ಟಿಂಗ್ ಕಂಪನಿಗೆ ಸೇರಿ ಏಳೆಂಟು ತಿಂಗಳಿಗೇ ಬೇರೆ ಕೆಲಸ ಹುಡುಕೋರನ್ನ ಕಂಡರೆ ನಮ್ಮ ಜನಕ್ಕೆ ಒಂಥರಾ ಅನುಮಾನ. 'ಯಾಕಪ್ಪಾ, ತೆಗೆದು ಹಾಕಿದ್ರಾ?' ಅಂತ ನೆಂಟರು ನೇರವಾಗಿ ಕೇಳ್ತಾರೆ. ಎಚ್ಚಾರ್‌ನವರು ಅದನ್ನೇ ನಯವಾಗಿ ಇಂಗ್ಲಿಷಲ್ಲಿ ಕೇಳ್ತಾರೆ, ವ್ಯತ್ಯಾಸ ಅಷ್ಟೇ. ಈ ಅನುಮಾನ ಶುದ್ಧ ಅನ್ಯಾಯ ಅಂತ ನನ್ನ ವಾದ.

ಕನ್ಸಲ್ಟಿಂಗ್ ಅಂದ್ರೆ ಏನು? ಸಂಬಳ ಕೊಡೋನು ಒಬ್ಬ, ಕೆಲಸ ಹೇಳೋನು ಇನ್ನೊಬ್ಬ. ಕ್ಲಯಂಟ್ ಎಲ್ಲೋ ಆಫೀಸು ಅಲ್ಲೇ. ನಮ್ಮ ರಾಜಾನುಕುಂಟೆಯಲ್ಲಿ ಮನೆ ಮಾಡಿಕೊಂಡೋರಿಗೆ ನಾಗವಾರದ ಮಾನ್ಯತಾ ಆದ್ರೆ ಪರವಾಗಿಲ್ಲ, ದೇವನಹಳ್ಳಿ ಕಡೆ ಆದ್ರೆ ಇನ್ನೂ ವಾಸಿ, ದೊಡ್ಡಬಳ್ಳಾಪುರ ಆದ್ರೆ ಹಬ್ಬ. ಆದ್ರೆ ಮುಂದಿನ ತಿಂಗಳು ಪ್ರಾಜೆಕ್ಟ್ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಂದ್ರೆ? ಯಲಹಂಕ, ಹೆಬ್ಬಾಳ ದಾಟೋ ಹೊತ್ತಿಗೇ ಅರ್ಧ ಜೀವ ಹೋಗಿರುತ್ತೆ, ಊರಿನ ಇನ್ನೊಂದು ತುದಿ ಬಾಕಿನೇ ಇರುತ್ತೆ. ಇನ್ನು ಪ್ರಾಜೆಕ್ಟ್ ಇಲ್ಲದೆ ಬೆಂಚಿನ ಮೇಲೆ ಕೂರೋ ಭಯ ಬೇರೆ. ಇದನ್ನ ಬಿಟ್ಟು ಬಂದೋನಿಗೆ 'ನಿಲ್ಲೋ ಗುಣ ಇಲ್ಲ' ಅಂತ ಹಣೆಪಟ್ಟಿ ಹಚ್ಚೋದು ಯಾವ ನ್ಯಾಯ?

ಇಲ್ಲೇ ಪಕ್ಕದ ಮುದ್ದೇನಹಳ್ಳಿಯವರನ್ನೇ ನೋಡಿ. ಸರ್ ಎಂ. ವಿಶ್ವೇಶ್ವರಯ್ಯ ಬೊಂಬಾಯಿ ಸರ್ಕಾರದ ನೌಕರಿಯನ್ನ ಅವಧಿಗೆ ಮೊದಲೇ ಬಿಟ್ಟರು. ಅಲ್ಲಿ ತುತ್ತತುದಿಯ ಹುದ್ದೆಗಳು ಆಗ ಬಿಳಿಯರ ಪಾಲು. 1908ರ ಸೆಪ್ಟೆಂಬರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಮುಳುಗಿತ್ತು. ನಿಜಾಮರ ಸರ್ಕಾರ ಇವರನ್ನ ಸಲಹಾ ಎಂಜಿನಿಯರಾಗಿ ಕರೆಸಿಕೊಂಡಿತು. ಅಂದ್ರೆ ಈಗಿನ ಮಾತಲ್ಲಿ ಕನ್ಸಲ್ಟೆಂಟ್! 1909ರಲ್ಲಿ ಅಲ್ಲಿದ್ದು, ಪ್ರವಾಹ ತಡೆಯೋಕೆ ಜಲಾಶಯ ಕಟ್ಟಿ ಅಂತ ಯೋಜನೆ ಕೊಟ್ಟು, ವರ್ಷ ತುಂಬೋ ಮೊದಲೇ, ಅದೇ ನವೆಂಬರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆಗಿ ಬಂದರು. ಆಗ ಅವರಿಗೆ ವಯಸ್ಸು ಐವತ್ತರ ಹತ್ತಿರ. ಉಸ್ಮಾನ್ ಸಾಗರ ಮುಗಿದಿದ್ದು 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ. ಹೈದರಾಬಾದಿನಲ್ಲಿ ಎಷ್ಟು ತಿಂಗಳು ಇದ್ರಿ ಅಂತ ಮೈಸೂರಿನವರು ಲೆಕ್ಕ ಹಾಕಿ ವಾಪಸ್ ಕಳಿಸಿದ್ದಿದ್ರೆ ಕನ್ನಂಬಾಡಿ ಕಟ್ಟೆ ಕತೆ ಏನಾಗ್ತಿತ್ತೋ! (ನಾವೆಲ್ಲ ವಿಶ್ವೇಶ್ವರಯ್ಯನವರಲ್ಲ, ಗೊತ್ತು. ಆದ್ರೂ ಎಚ್ಚಾರ್‌ನವರು ತಿಂಗಳನ್ನ ಬಿಟ್ಟು ಕೆಲಸ ಎಣಿಸಲಿ ಅಂತ ಹೇಳಿದೆ.)

ಕೆಲವರು ಈ ಎಂಟು ತಿಂಗಳನ್ನ ಬಯೋಡೇಟಾದಿಂದ ಎಗರಿಸಿಬಿಡು ಅಂತ ಉಪದೇಶ ಮಾಡ್ತಾರೆ. ಬೇಡ ಮಾರಾಯ್ರೆ. 2014ರಿಂದ ಪಿಎಫ್‌ಗೆ ಯುಎಎನ್ ನಂಬರ್ ಬಂದಿದೆ. ನೀವು ಎಲ್ಲಿ ಯಾವಾಗ ಸೇರಿದ್ರಿ, ಯಾವಾಗ ಬಿಟ್ರಿ, ಎಲ್ಲಾ ಅದರಲ್ಲಿ ಸಾಲಾಗಿ ಕಾಣುತ್ತೆ. ಬಚ್ಚಿಟ್ಟು ಸಿಕ್ಕಿಹಾಕಿಕೊಂಡ್ರೆ ಆಗ ನಿಜಕ್ಕೂ ಅನುಮಾನ ಪಡಬೇಕಾದ್ದೇ. ಇದ್ದದ್ದನ್ನ ಎರಡು ಸಾಲಲ್ಲಿ ಹೇಳಿ, ಆ ತಿಂಗಳುಗಳಲ್ಲಿ ಏನು ಮಾಡಿದ್ರಿ ಅನ್ನೋದನ್ನ ಹತ್ತು ಸಾಲಲ್ಲಿ ಹೇಳಿ. ಹಳೇ ಪಿಎಫ್ ದುಡ್ಡನ್ನ ತೆಗೀದೆ ಹೊಸ ಖಾತೆಗೆ ವರ್ಗಾಯಿಸಿಕೊಳ್ಳಿ. ಐದು ವರ್ಷದ ಸೇವೆ ಆಗೋ ಮೊದಲು ತೆಗೆದ್ರೆ ಸಾಮಾನ್ಯವಾಗಿ ತೆರಿಗೆ ಬೀಳುತ್ತೆ. ವರ್ಗಾಯಿಸಿದ್ರೆ ಹಳೇ ಅವಧಿನೂ ಲೆಕ್ಕಕ್ಕೆ ಬರುತ್ತೆ.

ಬಾಂಡ್ ಬರೆಸಿಕೊಂಡಿದ್ದಾರಾ? 'ಕೋರ್ಟಲ್ಲಿ ನಿಲ್ಲಲ್ಲ ಬಿಡು' ಅನ್ನೋ ಗೆಳೆಯರ ಮಾತನ್ನ ಪೂರ್ತಿ ನಂಬಬೇಡಿ. ಮಂಗಳೂರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿಗೆ (2019ರಲ್ಲಿ ಬರೋಡಾ ಬ್ಯಾಂಕಿನಲ್ಲಿ ಸೇರಿಹೋಯ್ತು) ಸೇರಿದ್ದ ಅಧಿಕಾರಿಯೊಬ್ಬರು ಮೂರು ವರ್ಷ ತುಂಬೋ ಮೊದಲೇ ಬಿಟ್ಟು 2 ಲಕ್ಷ ಕಟ್ಟಬೇಕಾಯ್ತು. ಹೈಕೋರ್ಟ್ ಅವರ ಪರ ಹೇಳಿದ್ರೂ, 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತು ಸರಿ ಅಂತು. ಅದು ಸರ್ಕಾರಿ ಬ್ಯಾಂಕು, ನೇಮಕಾತಿ ಖರ್ಚಿನ ಲೆಕ್ಕ ಬೇರೆ, ಖಾಸಗಿ ಕಂಪನಿಗೆಲ್ಲ ಹಾಗೇ ಅನ್ವಯಿಸುತ್ತೆ ಅಂತಲ್ಲ. ಆದ್ರೂ ರಾಜೀನಾಮೆ ಕಳಿಸೋ ಮೊದಲು ಸೇರುವಾಗ ಸಹಿ ಹಾಕಿದ ಕಾಗದ ತೆಗೆದು ಓದಿ. ಮತ್ತೆ ಹೊಸ ಕಡೆ ಸಂಬಳದ ಮಾತಿಗೆ ಮೊದಲು ಕೇಳಿ: ಆಫೀಸು ಎಲ್ಲಿ, ಅದು ಅಲ್ಲೇ ಇರುತ್ತಾ?