ಏಣಿಯಾಗುವ ಕುರ್ಚಿ ನಮಗೂ ಬೇಕು

ಕಳೆದ ವರ್ಷ ಪರೀಕ್ಷೆಗೆ ಇಪ್ಪತ್ತು ದಿನ ಇರುವಾಗ ನಾನು ಗ್ರಂಥಾಲಯದಲ್ಲಿ ಬಿದ್ದೆ. ಹೈದರಾಬಾದ್ ಕರ್ನಾಟಕ ವಿಮೋಚನೆಯ ಕುರಿತ ಪುಸ್ತಕ ಕಪಾಟಿನ ತುತ್ತತುದಿಯಲ್ಲಿತ್ತು. ಪ್ಲಾಸ್ಟಿಕ್ ಕುರ್ಚಿ ಹತ್ತಿದೆ, ಕಾಲು ಮುರಿಯಿತು. ಕುರ್ಚಿಯದು. ನನ್ನದು ಉಳುಕಿತಷ್ಟೇ, ಆದರೂ ಒಂದು ವಾರದ ಓದು ಹೋಯಿತು.

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಎಫ್‌ಡಿಎ, ಪಿಡಿಒ ಎಂದು ಓದುತ್ತಿರುವ ನಮ್ಮಂಥವರಿಗೆ ಈ ಮೇಲಿನ ಸಾಲು ಗೊತ್ತಿರುವುದೇ. ಎತ್ತರದ ಹುಡುಗರು ಹೇಗೋ ಎಟುಕಿಸಿಕೊಳ್ಳುತ್ತಾರೆ. ಪ್ರತಿ ಸಲ ‘ಅಣ್ಣಾ, ಅದೊಂದು ತೆಗೆದುಕೊಡ್ರಿ’ ಎನ್ನಲು ಸಂಕೋಚಪಟ್ಟು, ನಾವು ಹುಡುಗಿಯರು ಕೈಗೆ ಸಿಕ್ಕ ಗೈಡನ್ನೇ ತಿರುವಿಹಾಕುತ್ತೇವೆ.

ಮನೆಯಲ್ಲಿ ಕೂತಿದ್ದಾಗ ಮೊಬೈಲಿನಲ್ಲಿ ಒಂದು ಹಳೆಯ ಇಂಗ್ಲಿಷ್ ಕುರ್ಚಿ ಕಂಡಿತು. ಲಂಡನ್ನಿನ ಮಾರ್ಗನ್ ಮತ್ತು ಸ್ಯಾಂಡರ್ಸ್ ಅವರದು. 1811ರಲ್ಲಿ ಆಕರ್‌ಮನ್ನನ ಪತ್ರಿಕೆ ಅದರ ಚಿತ್ರ ಅಚ್ಚು ಹಾಕಿತ್ತು. ನೋಡಿದರೆ ಬರೀ ತೋಳುಕುರ್ಚಿ. ಆಸನದ ಮುಂಭಾಗದಲ್ಲಿ ಬಿಜಾಗ್ರಿ ಇದೆ. ಬೆನ್ನು ಹಿಡಿದು ಮುಂದಕ್ಕೆ ಮಗುಚಿದರೆ ನಾಲ್ಕು ಮೆಟ್ಟಿಲಿನ ಏಣಿ! ಅದಕ್ಕೂ ಮೊದಲು, 1774ರಲ್ಲೇ, ರಾಬರ್ಟ್ ಕ್ಯಾಂಪ್‌ಬೆಲ್ ಎಂಬಾತ ಮೇಜಿನೊಳಗೆ ಮಡಚಿಡುವ ಮೆಟ್ಟಿಲಿಗೆ ಪೇಟೆಂಟ್ ಪಡೆದಿದ್ದ. ಶ್ರೀಮಂತರ ಮನೆಯ ಗ್ರಂಥಾಲಯಕ್ಕೆಂದು ಮಾಡಿದ ಇವು ಈಗ ಹರಾಜಿನ ವಸ್ತುಗಳು.

ಗ್ರಂಥಾಲಯ ವಿಜ್ಞಾನ ಓದಿದವರು ಇಲ್ಲಿ ಎಸ್.ಆರ್. ರಂಗನಾಥನ್ ಅವರನ್ನು ನೆನಪಿಸಬಹುದು. ನೆಲದ ಮೇಲೆ ನಿಂತವರ ಕೈಗೆ ಎಟುಕುವಷ್ಟೇ ಎತ್ತರಕ್ಕೆ ಪುಸ್ತಕ ಇರಬೇಕು ಎಂದು ಅವರು 1931ರ ತಮ್ಮ ಪಂಚಸೂತ್ರಗಳ ಪುಸ್ತಕದಲ್ಲೇ ವಾದಿಸಿದ್ದರು. ಒಪ್ಪುತ್ತೇನೆ. ಆದರೆ ನಮ್ಮ ಕೋಣೆ ಚಿಕ್ಕದು. ಕಪಾಟು ಗಿಡ್ಡ ಮಾಡಿ ಇನ್ನೆರಡು ಇಟ್ಟರೆ ಕೂರುವ ಜಾಗವೇ ಹೋಗುತ್ತದೆ. ಬೆಳಿಗ್ಗೆ ಎಂಟಕ್ಕೇ ಚೀಲ ಇಟ್ಟು ಜಾಗ ಹಿಡಿಯುವವರಿಗೆ ಅದರ ಬೆಲೆ ಗೊತ್ತು. ಬೇರೆ ಏಣಿ ತಂದರೆ ಅದೂ ಮೂಲೆ ಹಿಡಿಯುತ್ತದೆ, ಬಲ್ಬ್ ಹಾಕಲು ಒಯ್ದವರು ವಾಪಸ್ ತರುವುದೂ ಇಲ್ಲ.

ಕೂರಲೂ ಹತ್ತಲೂ ಆಗುವ ಮರದ ಕುರ್ಚಿ ಕೋಣೆಗೆ ಎರಡಿದ್ದರೆ ಸಾಕು. ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುವ ಊರಿನವರು ಇಷ್ಟು ಕೇಳಿದರೆ ತಪ್ಪೇನು?

ಮಸ್ಕಿಯ ಬಡಗಿಯೊಬ್ಬರಿಗೆ ಚಿತ್ರ ತೋರಿಸಿದೆ. ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದರು. ‘ಬಿಜಾಗ್ರಿ ಗಟ್ಟಿದ್ರ ಆತವ್ವ, ಉಳಿದಿದ್ದು ಕಟಿಗಿ ಕೆಲಸ. ಎಷ್ಟು ಬೇಕು?’ ಎಂದರು. ಕೇಳಿ ಬಂದು ಹೇಳುತ್ತೇನೆ ಎಂದಿದ್ದೇನೆ.